64 ಅರ್ಧ ಕಡ್ಡಿಗಳ ಪೆಟ್ಟಿಗೆ, ನಮ್ಮ ಊರಿನ ಹಸಿರು

ಮೊದಲೇ ಹೇಳಿಬಿಡುತ್ತೇನೆ. ಸಾಫ್ಟ್ ಪೇಸ್ಟಲ್ ಎಂಬ ಪುಡಿ ಬಣ್ಣದ ಕಡ್ಡಿಗಳಲ್ಲಿ ಗದ್ದೆ, ಗುಡ್ಡ, ಹೊಳೆ, ಸಮುದ್ರ ಬಿಡಿಸಲು ಕಲಿಯಬೇಕೆಂಬ ಆಸೆ ಇದ್ದವರಿಗೆ ಕೊರಿಯಾದ ಮುಂಗ್ಯೋ ಕಂಪನಿಯ 64 ಅರ್ಧ ಕಡ್ಡಿಗಳ, ಅಂದರೆ ಮಾಮೂಲಿ ಕಡ್ಡಿಯ ಅರ್ಧದಷ್ಟು ಉದ್ದದವುಗಳ, ಪೆಟ್ಟಿಗೆ ಧಾರಾಳ ಸಾಕು. ಅದಕ್ಕಿಂತ ದುಬಾರಿ ಬಣ್ಣ ಸದ್ಯಕ್ಕೆ ಬೇಡ. ಕೈಯಲ್ಲಿ ಇನ್ನೂ ಹಣ ಇದ್ದರೆ ಕಾಗದಕ್ಕೆ ಹಾಕಿ. ಒಂದು ಮಳೆಗಾಲ, ಒಂದು ಬೇಸಿಗೆ ಈ ಪೆಟ್ಟಿಗೆ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾನು ಉಡುಪಿಯಲ್ಲಿ ಬ್ಲೌಸ್ ಹೊಲಿಯುವವಳು. ಕಲ್ಸಂಕದ ಹತ್ತಿರ ಸಣ್ಣ ಅಂಗಡಿ. ಬಣ್ಣ ನನಗೆ ಹೊಸತಲ್ಲ. ಸೀರೆ ತಂದವರಿಗೆ ಲೈನಿಂಗ್, ನೂಲು, ಫಾಲ್ ಮ್ಯಾಚ್ ಮಾಡಿ ಕೊಡುವುದೇ ನನ್ನ ದಿನದ ಕೆಲಸ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಅನ್ನಿಸಿದ ಎರಡು ಶೇಡ್ ಬಾಗಿಲ ಹೊರಗೆ ಹಿಡಿದಾಗ ಬೇರೆ ಬೇರೆ ಆಗುವುದನ್ನು ನೋಡುತ್ತಲೇ ಇರುತ್ತೇನೆ. ಚಿತ್ರ ಬಿಡಿಸುವುದು ಮಾತ್ರ ಶಾಲೆಯೊಂದಿಗೇ ನಿಂತಿತ್ತು. ಪೆಟ್ಟಿಗೆ ತರಿಸಿಕೊಟ್ಟದ್ದು ಬೆಂಗಳೂರಿನಲ್ಲಿ ಓದುವ ನನ್ನ ಅಣ್ಣನ ಮಗಳು. ಹಣ ನಾನೇ ಕೊಟ್ಟೆ. ಲೈನಿಂಗ್ ಹಾಕಿದ ನಾಲ್ಕು ಬ್ಲೌಸಿನ ಮಜೂರಿಯಷ್ಟಾಯಿತು, ಹೆಚ್ಚುಕಡಿಮೆ.

ಅವಳಿಂದ ತರಿಸಿದ್ದಕ್ಕೆ ಕಾರಣ ಇದೆ. ಇಲ್ಲಿ ಪುಸ್ತಕದ ಅಂಗಡಿಗೆ ಹೋಗಿ "ಸಾಫ್ಟ್ ಪೇಸ್ಟಲ್ ಉಂಟಾ?" ಅಂತ ಕೇಳಿ ನೋಡಿ. "ಉಂಟಲ್ಲ ಅಕ್ಕ, ಮಕ್ಕಳು ಶಾಲೆಗೆ ಕೊಂಡುಹೋಗುವುದು ಇದೇ" ಅಂತ ಆಯಿಲ್ ಪೇಸ್ಟಲ್ ಕೈಗೆ ಕೊಡುತ್ತಾರೆ. ಶಾಲೆಯ ಮಕ್ಕಳು ಕೇಳುವುದೇ ಅದನ್ನು. ಹಾಗಾಗಿ ಇಲ್ಲಿ ಪೇಸ್ಟಲ್ ಎಂದರೆ ಆಯಿಲ್ ಪೇಸ್ಟಲ್ ಅಂತಲೇ ಆಗಿದೆ. ಎರಡೂ ಪೂರ್ತಿ ಬೇರೆ ಸಾಮಾನು. ಆಯಿಲ್ ಪೇಸ್ಟಲ್‌ನಲ್ಲಿ ಮೇಣ ಮತ್ತು ಎಣ್ಣೆ ಇರುತ್ತದೆ. ಅದು ಶುರುವಾದದ್ದು 1920ರ ದಶಕದಲ್ಲಿ, ಜಪಾನಿನಲ್ಲಿ. ಸಾಫ್ಟ್ ಪೇಸ್ಟಲ್ ಅದಕ್ಕಿಂತ ಬಹಳ ಹಳೆಯದು. ಬಣ್ಣದ ಪುಡಿ, ಸೀಮೆಸುಣ್ಣದಂಥ ಬಿಳಿ ಪುಡಿ, ಅದನ್ನು ಹಿಡಿದಿಡಲು ಚೂರೇ ಚೂರು ಅಂಟು. ಅಷ್ಟೇ. ಎಣ್ಣೆ ಇಲ್ಲ, ಒಣಗುವುದಕ್ಕೆ ಕಾಯುವುದೂ ಇಲ್ಲ. ಒಮ್ಮೆ ಆಯಿಲ್ ಪೇಸ್ಟಲ್ ಉಜ್ಜಿದ ಕಾಗದದ ಮೇಲೆ ಸಾಫ್ಟ್ ಪೇಸ್ಟಲ್ ಸರಿಯಾಗಿ ಹಿಡಿಯುವುದಿಲ್ಲ, ಜಾರುತ್ತದೆ. ಆದ್ದರಿಂದ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಏನು ಬರೆದಿದೆ ಅಂತ ಓದಿಯೇ ಕೊಳ್ಳಿ.

ಪೆಟ್ಟಿಗೆ ತೆರೆದರೆ ಸ್ಪಂಜಿನ ಗೂಡುಗಳಲ್ಲಿ ಕಡ್ಡಿಗಳು ಸಾಲಾಗಿ ಮಲಗಿರುತ್ತವೆ. ಮೇಲೆ ಕಾಗದ ಸುತ್ತಿಲ್ಲ. ಒಂದೊಂದೂ ಸುಮಾರು ಒಂದೂಕಾಲು ಇಂಚು ಉದ್ದ, ನಾಲ್ಕು ಮೂಲೆಯದು. ಮೊದಲು ನೋಡಿದವರಿಗೆ ಇಷ್ಟು ಗಿಡ್ಡವಾ ಅನ್ನಿಸಬಹುದು. ಆದರೆ ನಿಸರ್ಗಚಿತ್ರಕ್ಕೆ ಈ ಗಿಡ್ಡ ಕಡ್ಡಿಯೇ ಸರಿ. ಅಡ್ಡ ಮಲಗಿಸಿ ಎಳೆದರೆ ಒಂದೂಕಾಲು ಇಂಚಿನ ಪಟ್ಟಿ ಬರುತ್ತದೆ. ಆಕಾಶ, ಗದ್ದೆ, ನೀರು ಎಲ್ಲ ಹೀಗೆ ಪಟ್ಟಿ ಪಟ್ಟಿಯಾಗಿ ತುಂಬಬಹುದು. ಅಂಚು ತಾಗಿಸಿದರೆ ಗೆರೆ ಬರುತ್ತದೆ. ಮೂಲೆ ತಾಗಿಸಿದರೆ ಚುಕ್ಕೆ. ಉದ್ದ ಕಡ್ಡಿ ಕೈಗೆ ಬಂದರೆ ಪೆನ್ಸಿಲ್ ಹಿಡಿದ ಹಾಗೆ ಹಿಡಿದು ಒಂದೊಂದು ಎಲೆ ಬಿಡಿಸಲು ಕೂರುತ್ತೇವೆ. ಅರ್ಧ ಕಡ್ಡಿಯಲ್ಲಿ ಆ ಅಭ್ಯಾಸ ತಾನಾಗಿ ತಪ್ಪುತ್ತದೆ. ಫೇಬರ್-ಕ್ಯಾಸ್ಟೆಲ್‌ನವರೂ ಅರ್ಧ ಕಡ್ಡಿಗಳ ಪೆಟ್ಟಿಗೆ ಮಾಡುತ್ತಾರೆ. ನಿಮಗೆ ಸುಲಭವಾಗಿ ಸಿಗುವುದು ಅದೇ ಆದರೆ ಅದನ್ನೇ ಕೊಳ್ಳಿ. ನಾನು ಕಾಗದದ ಬಗ್ಗೆ ಹೇಳುವುದು ಎರಡಕ್ಕೂ ಸಲ್ಲುತ್ತದೆ.

ಕಡ್ಡಿಯ ಮೇಲೆ ಹೆಸರು ಇರುವುದಿಲ್ಲ. ಆದ್ದರಿಂದ ಬಂದ ದಿನವೇ ಒಂದು ಶೇಡ್ ಕಾರ್ಡ್ ಮಾಡಿಕೊಳ್ಳಿ. ನೀವು ಬಳಸುವ ಕಾಗದದ ತುಂಡಿನ ಮೇಲೆಯೇ ಒಂದೊಂದು ಬಣ್ಣವನ್ನು ಉಜ್ಜಿ, ಪಕ್ಕದಲ್ಲಿ ನಿಮ್ಮದೇ ಹೆಸರು ಬರೆಯಿರಿ. ನನ್ನ ಕಾರ್ಡಿನಲ್ಲಿ ಇರುವುದೆಲ್ಲ ಸೀರೆಯ ಹೆಸರುಗಳೇ. ಆನಂದ ನೀಲಿ, ರಾಮಾ ಹಸಿರು, ರಾಣಿ ಪಿಂಕ್, ಬದನೆ ಬಣ್ಣ, ಮೆಂತೆ ಬಣ್ಣ, ಇಟ್ಟಿಗೆ ಕೆಂಪು, ಗಿಳಿ ಹಸಿರು, ಬಾಟಲಿ ಹಸಿರು. ಹೊಸಬರಿಗೆ ಇದರಿಂದ ತುಂಬ ಅನುಕೂಲ. ಕಡ್ಡಿ ಪೆಟ್ಟಿಗೆಯಲ್ಲಿ ಕಾಣುವ ಬಣ್ಣವೇ ಬೇರೆ, ಕಾಗದಕ್ಕೆ ಇಳಿದಾಗ ಕಾಣುವ ಬಣ್ಣವೇ ಬೇರೆ. ಕಡು ಬಣ್ಣಗಳಲ್ಲಂತೂ ಈ ವ್ಯತ್ಯಾಸ ಜಾಸ್ತಿ. ಕಾರ್ಡನ್ನು ಹಗಲಿನ ಬೆಳಕಿನಲ್ಲೇ ಮಾಡಿ, ಹಗಲಿನ ಬೆಳಕಿನಲ್ಲೇ ನೋಡಿ. ರಾತ್ರಿ ಎಲ್‌ಇಡಿ ಬಲ್ಬಿನ ಕೆಳಗೆ ಆರಿಸಿದ ಹಸಿರು ಬೆಳಿಗ್ಗೆ ನೋಡಿದಾಗ ಬೇರೆಯೇ ಕಾಣಬಹುದು. ಇದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಮಾತು.

ಕಲಿಯುವವರಿಗೆಂದು ಮಾಡುವ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಒಂದು ಕೊರತೆ ಇರುತ್ತದೆ. ತಿಳಿ ಬಣ್ಣ, ಹೊಳೆಯುವ ಬಣ್ಣ ಸಾಕಷ್ಟು ಸಿಗುತ್ತವೆ. ನಿಜವಾದ ಕಡು ಬಣ್ಣ ಕಡಿಮೆ. ಕಪ್ಪಿನ ಹತ್ತಿರ ಹೋಗುವ ಹಸಿರು, ಕಡು ನೇರಳೆ, ಸುಟ್ಟ ಕಂದು, ಇವು ನಿಸರ್ಗಚಿತ್ರಕ್ಕೆ ಬೇಕೇ ಬೇಕು. ತೆಂಗಿನ ತೋಟದ ಒಳಗಿನ ನೆರಳು ಬರುವುದು ಇವುಗಳಿಂದ. ಕಪ್ಪು ಕಡ್ಡಿಯಿಂದ ಆ ಕೆಲಸ ಮಾಡಿಸಲು ಹೋದರೆ ನೆರಳು ಸತ್ತ ಹಾಗೆ ಕಾಣುತ್ತದೆ. ಆದ್ದರಿಂದ ಪೆಟ್ಟಿಗೆಯ ಜೊತೆ ನಾಲ್ಕೈದು ಕಡು ಬಣ್ಣದ ಬಿಡಿ ಕಡ್ಡಿಗಳನ್ನೂ ತರಿಸಿಕೊಂಡರೆ ಒಳ್ಳೆಯದು.

ಅಣ್ಣನ ಮಗಳು ತನ್ನಲ್ಲಿದ್ದ ಕೆಲವು ಸೆನೆಲಿಯೆ ಕಡ್ಡಿಗಳನ್ನೂ ಕೊಟ್ಟಳು. ಪ್ಯಾರಿಸ್‌ನಲ್ಲಿ 1887ರಲ್ಲಿ ಶುರುವಾದ ಅಂಗಡಿಯವರು ಮಾಡುವ ಪೇಸ್ಟಲ್ ಅದು. "ಅತ್ತೆ, ಇದನ್ನು ಕೊನೆಗೆ ಮಾತ್ರ ಮುಟ್ಟಿ" ಅಂದಿದ್ದಳು. ಯಾಕೆ ಅಂತ ಬಳಸಿದಾಗ ಗೊತ್ತಾಯಿತು. ತುಂಬ ಮೆತ್ತಗೆ. ಒತ್ತುವುದೇ ಬೇಡ, ತಾಗಿಸಿದರೆ ಸಾಕು, ಬಣ್ಣ ದಪ್ಪವಾಗಿ ಕೂರುತ್ತದೆ. ಮೊದಲು ಗಟ್ಟಿ ಕಡ್ಡಿ, ಆಮೇಲೆ ಮೆತ್ತಗಿನ ಕಡ್ಡಿ. ಈ ಕ್ರಮ ಪೇಸ್ಟಲ್‌ನಲ್ಲಿ ಬಹಳ ಮುಖ್ಯ. ಕೆಳಗೆ ಮೆತ್ತಗಿನ ಬಣ್ಣ ಹಾಕಿ ಕಾಗದ ತುಂಬಿಸಿಬಿಟ್ಟರೆ ಮೇಲೆ ಗಟ್ಟಿ ಕಡ್ಡಿ ಗೀರುತ್ತದೆಯೇ ಹೊರತು ಬಣ್ಣ ಬಿಡುವುದಿಲ್ಲ. ಮುಂಗ್ಯೋ ಅರ್ಧ ಕಡ್ಡಿ ಇವೆರಡರ ನಡುವೆ ಇದೆ. ಅದಕ್ಕೇ ಕಲಿಯಲು ಒಳ್ಳೆಯದು ಅನ್ನುವುದು. ಪೂರ್ತಿ ಚಿತ್ರ ಅದರಲ್ಲೇ ಮುಗಿಸಬಹುದು. ಕೊನೆಯಲ್ಲಿ ನೀರಿನ ಮೇಲೆ ಬಿದ್ದ ಬಿಸಿಲಿಗೆ, ಮೋಡದ ಅಂಚಿಗೆ ಒಂದೆರಡು ದುಬಾರಿ ತಿಳಿ ಕಡ್ಡಿ ಇದ್ದರೆ ಆಯಿತು.

ಇನ್ನು ಹಸಿರು. ನನ್ನ ಹೆಚ್ಚಿನ ಹೊತ್ತು ಹೋದದ್ದು ಇದರಲ್ಲೇ.

ಯಾವ ಪೆಟ್ಟಿಗೆಯ ಹಸಿರೂ ನೇರವಾಗಿ ನಮ್ಮ ಊರಿನ ಹಸಿರಿಗೆ ಹೊಂದುವುದಿಲ್ಲ. ಗಿಳಿ ಹಸಿರು ತೆಗೆದು ಗದ್ದೆಗೆ ಬಳಿದರೆ ಪ್ಲಾಸ್ಟಿಕ್ ಹುಲ್ಲು ಕಾಣುತ್ತದೆ. ನಮ್ಮ ಗದ್ದೆಯ ಹಸಿರಿನಲ್ಲಿ ಹಳದಿ ಇದೆ, ಮಣ್ಣು ಇದೆ, ನೀರಿದ್ದರೆ ಆಕಾಶವೂ ಇದೆ. ಜುಲೈಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಟ್ಟ ಮೇಲೆ ಒಂದು ಬೈಲು ಗದ್ದೆಯ ಬದುವಿನಲ್ಲಿ ನಿಂತು ನೋಡಿ. ಕಾಲ ಹತ್ತಿರದ ಗದ್ದೆಯಲ್ಲಿ ಕಾಣುವುದು ನೀರು. ನೇಜಿ ಅಲ್ಲಲ್ಲಿ ನಿಂತ ಗೀಟು ಮಾತ್ರ. ನಾಲ್ಕು ಗದ್ದೆ ಆಚೆಗೆ ನೀರು ಕಾಣುವುದೇ ಇಲ್ಲ, ಬರೀ ತಿಳಿ ಹಸಿರು. ಹಾಗಾಗಿ ಹತ್ತಿರದ ಗದ್ದೆಗೆ ನಾನು ಮೊದಲು ಹಾಕುವುದು ತೆಳ್ಳಗೆ ಕಂದು, ಅದರ ಮೇಲೆ ಆಕಾಶದ ಬೂದು ನೀಲಿ. ಅದರ ಮೇಲೆ ಕಡ್ಡಿಯ ಅಂಚಿನಿಂದ ಕೆಳಗಿನಿಂದ ಮೇಲಕ್ಕೆ ಸಣ್ಣ ಸಣ್ಣ ಗೀಟು. ದೂರದ ಗದ್ದೆಗೆ ಮೊದಲು ಮೆಂತೆ ಬಣ್ಣ, ಅದರ ಮೇಲೆ ಎಲೆ ಹಸಿರನ್ನು ಅಡ್ಡ ಮಲಗಿಸಿ ಹಗುರವಾಗಿ ಒಂದು ಸಲ, ಬಿಸಿಲು ಬಿದ್ದಲ್ಲಿ ನಿಂಬೆ ಹಳದಿ. ಹಗುರವಾಗಿ ಅನ್ನುವುದನ್ನು ಮರೆಯಬೇಡಿ. ಕೆಳಗಿನ ಬಣ್ಣ ಮೇಲಿನ ಬಣ್ಣದ ಸಂದಿಯಿಂದ ಇಣುಕಬೇಕು. ಪೇಸ್ಟಲ್‌ನಲ್ಲಿ ಬಣ್ಣ ಬೆರೆಯುವುದು ತಟ್ಟೆಯಲ್ಲಲ್ಲ, ಕಾಗದದ ಮೇಲೆ, ನೋಡುವವರ ಕಣ್ಣಿನಲ್ಲಿ.

ತೆಂಗಿನ ತೋಟಕ್ಕೆ ಬೇರೆ ದಾರಿ. ಮೊದಲು ಕಡು ನೇರಳೆ ಮತ್ತು ಕಂದು. ಆ ಹೊತ್ತಿಗೆ ನೋಡಿದರೆ ಚಿತ್ರ ಹಾಳಾಯಿತು ಅಂತಲೇ ಅನ್ನಿಸುತ್ತದೆ. ಹೆದರಬೇಡಿ. ಅದರ ಮೇಲೆ ಬಾಟಲಿ ಹಸಿರು, ಸಂದಿ ಬಿಟ್ಟು. ಆಮೇಲೆ ಪಾಚಿ ಹಸಿರು. ಬಿಸಿಲು ತಾಗಿದ ಗರಿಗೆ ಹಳದಿ ಹಸಿರಿನ ಕೆಲವೇ ಗೆರೆ. ಕೆಲವೇ ಅಂದರೆ ನಿಜವಾಗಿ ಕೆಲವೇ. ಹಸಿರಿನ ಕೆಳಗೆ ಎಲ್ಲಾದರೂ ಇಟ್ಟಿಗೆ ಕೆಂಪು ಉಳಿದರೆ ಇನ್ನೂ ಚೆನ್ನ. ಕೆಂಪು ಮತ್ತು ಹಸಿರು ಒಂದಕ್ಕೊಂದು ಎದುರು ಬಣ್ಣಗಳು. ಪಕ್ಕ ಪಕ್ಕ ಇದ್ದರೆ ಎರಡಕ್ಕೂ ಜೀವ ಬರುತ್ತದೆ. ಹಸಿರು ಸೀರೆಗೆ ಕೆಂಪು ಅಂಚು ಯಾಕೆ ಎದ್ದು ಕಾಣುತ್ತದೆ ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ ಅಲ್ವಾ. ನಮ್ಮ ನೆಲವೂ ಹಾಗೇ ಇದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು ಎಲ್ಲ ಕಡೆ ಹಸಿರಿನ ಕೆಳಗೆ ಇರುವುದೇ. ಕಾಂಪೌಂಡ್ ಗೋಡೆಯ ಮುರಕಲ್ಲು ಬಿಸಿಲಿನಲ್ಲಿ ಕಿತ್ತಳೆಗೆ ತಿರುಗುತ್ತದೆ, ನೆರಳಿನಲ್ಲಿ ಬದನೆ ಬಣ್ಣಕ್ಕೆ ಹೋಗುತ್ತದೆ. ಈ ಎರಡು ಕಡ್ಡಿ ಬಹಳ ಬೇಗ ಸವೆದವು.

ದೂರದ ಹಸಿರು ಕಲಿಯಲು ಮಣಿಪಾಲದ ಎಂಡ್ ಪಾಯಿಂಟ್‌ಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕೆಳಗೆ ಸ್ವರ್ಣಾ ಹೊಳೆ, ಆಚೆ ತೋಟಗಳು, ಇನ್ನೂ ಆಚೆ ಘಟ್ಟ. ಹತ್ತಿರದ ಮರದಲ್ಲಿ ಹಳದಿ ಇರುತ್ತದೆ. ಹೊಳೆಯಾಚೆಯ ತೋಟದಲ್ಲಿ ಆ ಹಳದಿ ಕಡಿಮೆಯಾಗಿ ಬೂದು ಸೇರುತ್ತದೆ. ಘಟ್ಟದಲ್ಲಿ ಹಸಿರೇ ಉಳಿಯುವುದಿಲ್ಲ, ತಿಳಿ ನೀಲಿ. ಅಲ್ಲಿರುವುದೂ ಕಾಡೇ, ಆದರೆ ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚೆದುರಿಸುತ್ತದೆ. ಆ ಬೆಳಕು ನಮಗೂ ಗುಡ್ಡಕ್ಕೂ ನಡುವೆ ಪರದೆ ಹಾಕುತ್ತದೆ. ದೂರ ಹೋದಷ್ಟು ಕಡು ಬಣ್ಣವೂ ತಿಳಿಯಾಗುತ್ತದೆ. ಮಳೆ ಬಂದು ಬಿಟ್ಟ ಸಂಜೆ ಇದೇ ಘಟ್ಟ ಎಷ್ಟು ಹತ್ತಿರ ಬಂದ ಹಾಗೆ ಕಾಣುತ್ತದೆ! ಗಾಳಿಯ ದೂಳು ತೊಳೆದು ಹೋಗಿರುತ್ತದೆ. ಒಂದೇ ಜಾಗವನ್ನು ಜನವರಿಯ ಮಂಜಿನಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಬಿಡಿಸಿ. ಯಾವ ಕಡ್ಡಿಗಳನ್ನು ಬದಲಿಸಬೇಕಾಯಿತು ಅಂತ ನೋಡಿದರೆ ಪಾಠ ಅಲ್ಲೇ ಸಿಗುತ್ತದೆ. ದೂರದ್ದನ್ನು ತಿಳಿ ಮಾಡಲು ಹಸಿರಿಗೆ ಬಿಳಿ ತಿಕ್ಕಬೇಡಿ. ಪೆಪ್ಪರ್‌ಮಿಂಟಿನ ಬಣ್ಣ ಬರುತ್ತದೆ. ಬೂದು ನೀಲಿ ತಿಕ್ಕಿ.

ನನ್ನ ಅಂಗಡಿಗೆ ಹೆಂಡತಿಯ ಬ್ಲೌಸ್ ಒಯ್ಯಲು ಬರುವ ಒಬ್ಬರು ನಿವೃತ್ತ ಡ್ರಾಯಿಂಗ್ ಮಾಸ್ಟ್ರು ಇದ್ದಾರೆ. ಅವರಿಗೆ ಒಮ್ಮೆ ನನ್ನ ಚಿತ್ರ ತೋರಿಸಿ, "ಮಾಸ್ಟ್ರೆ, ಇದರಲ್ಲಿ ಎಂತ ಸರಿಯಿಲ್ಲ, ಹೇಳಿ" ಅಂದೆ. ಅವರು ಬಣ್ಣದ ಬಗ್ಗೆ ಮಾತೇ ಆಡಲಿಲ್ಲ. "ಕಣ್ಣು ಸಣ್ಣ ಮಾಡಿ ನೋಡಿಮ್ಮ. ಎಲೆ ಕಾಣಬಾರದು. ಕತ್ತಲೆ ಎಲ್ಲಿ, ಬೆಳಕು ಎಲ್ಲಿ, ಅಷ್ಟೇ ಕಾಣಬೇಕು. ಅದು ಸರಿ ಬಂದರೆ ಬಣ್ಣ ಹೆಚ್ಚುಕಡಿಮೆಯಾದರೂ ನಡೀತದೆ" ಅಂದರು. ಅಲ್ಲಿಂದ ಪ್ರತಿ ಚಿತ್ರಕ್ಕೂ ಮೊದಲು ಅಂಗೈ ಅಗಲದ ಕಾಗದದಲ್ಲಿ ಮೂರೇ ಬಣ್ಣದಲ್ಲಿ ಒಂದು ಸಣ್ಣ ನಕ್ಷೆ ಮಾಡಿಕೊಳ್ಳುತ್ತೇನೆ. ಕಡು, ನಡು, ತಿಳಿ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲವಲ್ಲ. ಪೇಸ್ಟಲ್‌ನಲ್ಲಿ ಕಡುವಿನಿಂದ ತಿಳಿಯ ಕಡೆಗೆ ಹೋಗುವುದು ಸುಲಭ. ಜಲವರ್ಣ ಮಾಡಿದವರು ಇದಕ್ಕೆ ಸ್ವಲ್ಪ ಹೊಂದಿಕೊಳ್ಳಬೇಕಾಗುತ್ತದೆ, ಅಲ್ಲಿ ಕ್ರಮ ತಿರುಗುಮುರುಗು.

ಆಕಾಶದ ಬಗ್ಗೆ ಎರಡು ಮಾತು. ನೆತ್ತಿಯ ಮೇಲೆ ನೀಲಿ ಗಾಢ, ಅಂಚಿಗೆ ಬರುತ್ತ ತಿಳಿ. ಮಳೆಗಾಲದ ಮೋಡಕ್ಕೆ ಕಪ್ಪು ಬಿಳಿ ಬೆರೆಸಿದ ಬೂದು ಬೇಡ. ಇಂಕಿನ ನೀಲಿ ಹಾಕಿ ಮೇಲೆ ಕಂದು ಎಳೆಯಿರಿ, ಬರುವ ಬೂದು ಬಣ್ಣವೇ ನಮ್ಮ ಆಷಾಢದ ಆಕಾಶ. ಬೆರಳಿನಿಂದ ತಿಕ್ಕಿ ನಯ ಮಾಡುವುದಿದ್ದರೆ ಆಕಾಶದಲ್ಲಿ ಮಾತ್ರ ಮಾಡಿ. ಎಲ್ಲ ಕಡೆ ತಿಕ್ಕಿದರೆ ಬಣ್ಣದ ಹರಳುಗಳೆಲ್ಲ ಕಾಗದದ ಸಣ್ಣ ಗುಳಿಗಳಲ್ಲಿ ಅಮುಕಿ ಹೊಳಪು ಹೋಗುತ್ತದೆ. ಮಲ್ಪೆಯ ಸಮುದ್ರ ಬಿಡಿಸುವಾಗ ದಿಗಂತದ ಗೆರೆಯನ್ನು ಸ್ಕೇಲ್ ಇಟ್ಟೇ ಹಾಕಿ, ಅದು ಸ್ವಲ್ಪ ವಾಲಿದರೂ ನೀರು ಚೆಲ್ಲುವ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ದಡದ ನೀರು ನೀಲಿ ಅಲ್ಲ, ಹೊಳೆಗಳು ತಂದ ಮಣ್ಣಿನ ಬಣ್ಣ. ಮೆಂತೆ, ಬೂದು, ಚೂರು ರಾಮಾ ಹಸಿರು.

ಈಗ ಕಾಗದ. ಪೇಸ್ಟಲ್ ಕಾಗದದ ಒಳಗೆ ಇಂಗುವುದಿಲ್ಲ, ಮೇಲೆ ಕೂರುತ್ತದೆ. ಕೂರಲು ಜಾಗ ಬೇಕು. ಸ್ಯಾಟಿನ್ ಮೇಲೆ ಚಾಕಿನ ಗುರುತು ನಿಲ್ಲದೆ ಖಾದಿಯ ಮೇಲೆ ನಿಲ್ಲುವ ಹಾಗೆ ಇದೂ. ಸಾಮಾನ್ಯ ಡ್ರಾಯಿಂಗ್ ಶೀಟಿನ ಮೇಲೆ ಎರಡು ಪದರ ಹಾಕುವಷ್ಟರಲ್ಲಿ ಗುಳಿ ತುಂಬಿ ಮೂರನೆಯದು ಜಾರುತ್ತದೆ. ನಾನು ಮೇಲೆ ಹೇಳಿದ ಹಸಿರು ಬರಬೇಕಾದರೆ ನಾಲ್ಕೈದು ಪದರ ಬೇಕು. ಅದಕ್ಕೇ ಎಷ್ಟು ದುಬಾರಿ ಬಣ್ಣ ತಂದರೂ ತೆಳ್ಳಗಿನ ನಯ ಕಾಗದದಲ್ಲಿ ತೆಂಗಿನ ತೋಟ ಬರುವುದಿಲ್ಲ. ಒಳ್ಳೆಯ ಕಾಗದದಲ್ಲಿ ಸಾಧಾರಣ ಬಣ್ಣದಿಂದಲೂ ಬರುತ್ತದೆ.

ಶುರು ಮಾಡಲು ಕ್ಯಾನ್ಸನ್ ಕಂಪನಿಯ ಮಿ-ತೇಂತ್ ಕಾಗದ ಸಾಕು. 160 ಜಿಎಸ್‌ಎಂ (ಒಂದು ಚದರ ಮೀಟರಿಗೆ 160 ಗ್ರಾಂ) ತೂಕದ್ದು, ಹಲವು ಬಣ್ಣಗಳಲ್ಲಿ ಸಿಗುತ್ತದೆ. ಒಂದು ಬದಿಯಲ್ಲಿ ಸಾಲು ಸಾಲು ಗುಳಿ ಎದ್ದು ಕಾಣುತ್ತದೆ, ಇನ್ನೊಂದು ಬದಿ ನಯ. ಎರಡನ್ನೂ ಬಳಸಬಹುದು. ನನಗೆ ನಯ ಬದಿಯೇ ಇಷ್ಟ. ಗುಳಿಯ ಬದಿಯಲ್ಲಿ ಆಕಾಶಕ್ಕೂ ಗದ್ದೆಗೂ ಒಂದೇ ರೀತಿಯ ಚುಕ್ಕೆ ಕಾಣುತ್ತದೆ. ಬಿಳಿ ಬೇಡ, ಬಣ್ಣದ ಕಾಗದ ತೆಗೆದುಕೊಳ್ಳಿ. ಮಂಕು ಕಂದು ಅಥವಾ ನಡು ಬೂದು. ಬಿಳಿ ಕಾಗದದಲ್ಲಿ ಸಂದಿಯಿಂದೆಲ್ಲ ಬಿಳಿ ಇಣುಕಿ ಹಸಿರು ಇನ್ನೂ ಹಸಿಯಾಗುತ್ತದೆ. ಕಂದು ಕಾಗದದಲ್ಲಿ ಇಣುಕುವುದು ಮಣ್ಣು. 50 ಸೆಂಟಿಮೀಟರ್ ಅಗಲ, 65 ಉದ್ದದ ಒಂದು ಹಾಳೆಯನ್ನು ನಾಲ್ಕು ಮಾಡಿದರೆ ಕಲಿಯುವವರಿಗೆ ಸರಿಯಾದ ಅಳತೆ.

ಅದರ ಮೇಲಿನದು ಮರಳು ಹತ್ತಿದ ಪೇಸ್ಟಲ್ ಕಾಗದ, ಮತ್ತೆ ಫ್ರಾನ್ಸಿನ ಕ್ಲೇರ್‌ಫೋಂತೆನ್‌ನವರ ಪೇಸ್ಟಲ್‌ಮ್ಯಾಟ್. ಪೇಸ್ಟಲ್‌ಮ್ಯಾಟ್ 360 ಜಿಎಸ್‌ಎಂ, ರಟ್ಟಿನಷ್ಟು ದಪ್ಪ. ಮುಟ್ಟಿದರೆ ಒರಟು ಅಂತ ಅನ್ನಿಸುವುದೇ ಇಲ್ಲ, ಆದರೆ ಬಣ್ಣವನ್ನು ಬಿಗಿಯಾಗಿ ಹಿಡಿಯುತ್ತದೆ. ಮರಳು ಕಾಗದಗಳಿಗೆ ಸಂಖ್ಯೆ ಇರುತ್ತದೆ. ಸಂಖ್ಯೆ ಜಾಸ್ತಿಯಾದಷ್ಟು ನಯ. ಇವುಗಳಿಗೆ ಬೆಲೆ ಜಾಸ್ತಿ, ನಿಜ. ಒಂದೇ ಒಂದು ಹಾಳೆಯಾದರೂ ತರಿಸಿ ನೋಡಿ ಅನ್ನುತ್ತೇನೆ. ಅದೇ ಮುಂಗ್ಯೋ ಕಡ್ಡಿ ಆ ಹಾಳೆಯ ಮೇಲೆ ಬೇರೆ ಕಂಪನಿಯ ಬಣ್ಣದ ಹಾಗೆ ಕಾಣುತ್ತದೆ. ಕಡುವಿನ ಮೇಲೆ ತಿಳಿ, ತಿಳಿಯ ಮೇಲೆ ಕಡು, ಮತ್ತೆ ತಿಳಿ, ಎಷ್ಟು ಹಾಕಿದರೂ ತಡೆದುಕೊಳ್ಳುತ್ತದೆ.

ಖರ್ಚು ಕಡಿಮೆ ಮಾಡಲು ಒಂದು ದಾರಿ ಇದೆ. 300 ಜಿಎಸ್‌ಎಂ ಜಲವರ್ಣದ ಕಾಗದಕ್ಕೆ ಕ್ಲಿಯರ್ ಗೆಸ್ಸೊ ಅನ್ನುವ, ಬಣ್ಣವಿಲ್ಲದ ಒರಟು ಲೇಪವನ್ನು ಬ್ರಶ್‌ನಲ್ಲಿ ತೆಳ್ಳಗೆ ಬಳಿದು ಒಣಗಿಸಿ. ಮೇಲ್ಮೈ ಒರಟಾಗುತ್ತದೆ. ಇದರ ದೊಡ್ಡ ಅನುಕೂಲ ಏನೆಂದರೆ ಒದ್ದೆ ಮಾಡಬಹುದು. ಮೊದಲ ಪದರದ ಪೇಸ್ಟಲ್ ಹಾಕಿ ಅದರ ಮೇಲೆ ನೀರಿನ ಬ್ರಶ್ ಆಡಿಸಿದರೆ ಬಣ್ಣ ಹರಡಿ ಗುಳಿಗಳಿಗೆಲ್ಲ ಇಳಿಯುತ್ತದೆ. ಒಣಗಿದ ಮೇಲೆ ಗುಳಿ ಮತ್ತೆ ಖಾಲಿ ಸಿಕ್ಕಿದ ಹಾಗೆ. ಕೆಳಗೆ ಒದ್ದೆ ಬಣ್ಣ, ಮೇಲೆ ಒಣ ಪೇಸ್ಟಲ್ ಅನ್ನುವುದು ಹೊಸ ಉಪಾಯವೇನಲ್ಲ. ನರ್ತಕಿಯರ ಚಿತ್ರಗಳಿಗೆ ಹೆಸರಾದ ಫ್ರಾನ್ಸಿನ ಚಿತ್ರಕಾರ ಡೆಗಾ 1892ರಲ್ಲಿ ಪ್ಯಾರಿಸ್‌ನಲ್ಲಿ ನಿಸರ್ಗಚಿತ್ರಗಳ ಪ್ರದರ್ಶನ ಮಾಡಿದ್ದರು. ಬಣ್ಣದ ಅಚ್ಚು ತೆಗೆದು ಅದರ ಮೇಲೆ ಪೇಸ್ಟಲ್ ಹಾಕಿದ ಚಿತ್ರಗಳು ಅವು. ಅವರ ಗುಡ್ಡಗಳನ್ನು ನೋಡಿದರೆ ಕೆಳಗಿನ ಪದರಕ್ಕೆ ಎಷ್ಟು ಕೆಲಸ ಇದೆ ಅಂತ ಅರ್ಥವಾಗುತ್ತದೆ.

ದೂಳಿನ ಬಗ್ಗೆ ಎಲ್ಲರೂ ಗಮನ ಕೊಡಬೇಕು. ಪೇಸ್ಟಲ್ ಉದುರುತ್ತದೆ. ನನ್ನ ಅಂಗಡಿಯಲ್ಲಿ ನಾನು ಪೆಟ್ಟಿಗೆ ತೆರೆಯುವುದೇ ಇಲ್ಲ, ಗಿರಾಕಿಗಳ ರೇಷ್ಮೆ ಸೀರೆ ಇರುವ ಜಾಗ ಅದು. ಮನೆಯ ಜಗಲಿಯಲ್ಲಿ ಮಾಡುತ್ತೇನೆ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿ, ಕೆಳಗೆ ಹಳೆಯ ಪೇಪರನ್ನು ಮಡಚಿ ತೋಡಿನ ಹಾಗೆ ಅಂಟಿಸಿ. ದೂಳು ಅದರೊಳಗೆ ಬೀಳುತ್ತದೆ. ಮೇಲೆ ನಿಂತ ಪುಡಿಯನ್ನು ಬಾಯಿಂದ ಊದಬೇಡಿ. ಹಲಗೆಯನ್ನು ಹಿಂದಿನಿಂದ ತಟ್ಟಿ. ಕೆಲವು ಬಣ್ಣಗಳ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ, ಯಾವ ಪುಡಿಯಾದರೂ ದಿನಾ ಉಸಿರಿಗೆ ಹೋಗುವುದು ಒಳ್ಳೆಯದಲ್ಲ. ಮಾಸ್ಕ್ ಹಾಕಿ. ಫ್ಯಾನ್ ಆಫ್ ಮಾಡಿ. ಏಪ್ರಿಲ್ ತಿಂಗಳ ನಮ್ಮ ಸೆಕೆಯಲ್ಲಿ ಇದು ಕಷ್ಟ, ಗೊತ್ತು. ಬೆಳಿಗ್ಗೆ ಬೇಗ ಕೂರುವುದೇ ದಾರಿ. ಆಮೇಲೆ ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮನೆಯಲ್ಲಿ ದಮ್ಮು ಇರುವವರಿದ್ದರೆ, ಅಂಬೆಗಾಲಿನ ಮಗು ಇದ್ದರೆ ಈ ಬಣ್ಣವನ್ನು ನಾನು ಹೇಳುವುದಿಲ್ಲ. ಆಯಿಲ್ ಪೇಸ್ಟಲ್ಲೇ ಒಳ್ಳೆಯದು.

ಕಡ್ಡಿಗಳು ಒಂದಕ್ಕೊಂದು ತಾಗಿ ಎಲ್ಲವೂ ಬೂದು ಬಣ್ಣಕ್ಕೆ ತಿರುಗಿದಾಗ ಒಂದು ಡಬ್ಬದಲ್ಲಿ ಒಂದು ಹಿಡಿ ಬೆಳ್ತಿಗೆ ಅಕ್ಕಿ ಹಾಕಿ, ಅದರಲ್ಲಿ ಕಡ್ಡಿಗಳನ್ನು ಇಟ್ಟು ಮೆಲ್ಲಗೆ ಕುಲುಕಿಸಿ. ಮೇಲಿನ ಪುಡಿ ಅಕ್ಕಿಗೆ ಹತ್ತಿ ಕಡ್ಡಿ ಸ್ವಚ್ಛವಾಗುತ್ತದೆ. ಆ ಅಕ್ಕಿಯನ್ನು ಬೇರೆ ಯಾವುದಕ್ಕೂ ಬಳಸಬೇಡಿ, ಕೋಳಿಗೂ ಹಾಕಬೇಡಿ. ತುಂಡಾದ ಕಡ್ಡಿ ಬಿಸಾಡಬೇಡಿ. ತುಂಡಿನ ಹೊಸ ಅಂಚಿನಷ್ಟು ಚೂಪು ಗೆರೆ ಯಾವುದರಲ್ಲೂ ಬರುವುದಿಲ್ಲ. ದೋಣಿಯ ಹಗ್ಗ, ವಿದ್ಯುತ್ ತಂತಿ, ಅಡಿಕೆ ಮರದ ಕಾಂಡ ಎಲ್ಲ ಅದರಲ್ಲೇ.

ಮಳೆಗಾಲ ಪೇಸ್ಟಲ್‌ಗೆ ದೊಡ್ಡ ಪರೀಕ್ಷೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಪಾಟಿನ ಬಟ್ಟೆಗೇ ಬೂಸ್ಟು ಬರುತ್ತದೆ. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಬಿಡಿಸಿದ್ದು 1899ರಿಂದ 1901ರವರೆಗೆ. ಹಸಿ ಗಾರೆಯ ಮೇಲೆ ಬಿಡಿಸಿದರೆ ಬಣ್ಣವೂ ಗಾರೆಯ ಜೊತೆಗೇ ಗಟ್ಟಿಯಾಗುತ್ತದೆ. ಅಷ್ಟು ಗಟ್ಟಿ ಕೆಲಸಕ್ಕೂ ಮುಂದೆ ದುರಸ್ತಿ ಬೇಕಾಯಿತು. ಪೇಸ್ಟಲ್‌ಗೆ ಅಂಥ ಹಿಡಿತ ಯಾವುದೂ ಇಲ್ಲ, ಕಾಗದದ ಒರಟು ಮಾತ್ರ. ಹಾಗಾಗಿ ಮುಗಿದ ಚಿತ್ರಗಳ ನಡುವೆ ಗ್ಲಾಸಿನ್ ಎಂಬ ನಯ ಕಾಗದ ಇಟ್ಟು, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗಾಳಿಯಾಡದ ದೊಡ್ಡ ಡಬ್ಬದಲ್ಲಿ ಮಲಗಿಸಿಡಿ. ಹೊಸ ಬ್ಯಾಗು, ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಪೊಟ್ಟಣಗಳನ್ನು ನಾನು ಕೂಡಿಡುತ್ತೇನೆ. ಖಾಲಿ ಕಾಗದವನ್ನೂ ಹೀಗೇ ಇಡಿ. ತೇವ ಎಳೆದ ಕಾಗದದ ಮೇಲೆ ಬಣ್ಣ ಕಲೆಯ ಹಾಗೆ ಕೂರುತ್ತದೆ.

ಪುಡಿ ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಬೇಕಾ? ನಾನು ನಡುವಿನ ಪದರಕ್ಕೆ ಒಮ್ಮೆ ಹಗುರವಾಗಿ ಹೊಡೆಯುತ್ತೇನೆ, ಮುಗಿದ ಚಿತ್ರಕ್ಕೆ ಇಲ್ಲ. ಸ್ಪ್ರೇ ಬಿದ್ದರೆ ತಿಳಿ ಬಣ್ಣಗಳು ಮಂಕಾಗುತ್ತವೆ, ಕಷ್ಟಪಟ್ಟು ತಂದ ಬಿಸಿಲು ಹೋಗುತ್ತದೆ. ಹೊಡೆಯುವುದಾದರೆ ಅಂಗಳದಲ್ಲಿ, ಒಂದಡಿ ದೂರದಿಂದ, ಮಳೆ ಇಲ್ಲದ ದಿನ. ತೇವದ ಗಾಳಿಯಲ್ಲಿ ಬಿಳಿ ಮಸುಕು ಬರಬಹುದು. ಕೂದಲಿನ ಸ್ಪ್ರೇ ಬೇಡ, ಕಾಲಕ್ಕೆ ಹಳದಿಯಾಗುತ್ತದೆ.

ಫ್ರೇಮ್ ಹಾಕಿಸುವಾಗ ಅಂಗಡಿಯವರಿಗೆ ಮೊದಲೇ ಬಿಡಿಸಿ ಹೇಳಿ. ಗಾಜು ಚಿತ್ರಕ್ಕೆ ತಾಗಬಾರದು. ನಡುವೆ ದಪ್ಪ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಇಡುವ ರಟ್ಟಿನ ಚೌಕಟ್ಟು, ಇರಬೇಕು. ಗಾಜಿನ ಬದಲು ಅಕ್ರಿಲಿಕ್ ಹಾಕುತ್ತೇನೆ ಅಂದರೆ ಒಪ್ಪಬೇಡಿ. ಒರೆಸಿದಾಗ ಅದರಲ್ಲಿ ಹುಟ್ಟುವ ವಿದ್ಯುತ್ತು ಪೇಸ್ಟಲ್ ಪುಡಿಯನ್ನು ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಒಂದು ಕಡೆ ಎಷ್ಟು ಹೇಳಿದರೂ ಕೇಳದೆ ಗಾಜನ್ನು ನೇರ ಚಿತ್ರಕ್ಕೆ ಒತ್ತಿ ಮೊಳೆ ಹೊಡೆದು ಕೊಟ್ಟರು. ಬಿಚ್ಚಿಸಿದಾಗ ಅರ್ಧ ಮೋಡ ಗಾಜಿನ ಮೇಲಿತ್ತು. ಈಗ ಮೌಂಟ್ ನಾನೇ ಕತ್ತರಿಸಿ ಕೊಂಡುಹೋಗುತ್ತೇನೆ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಗುಲಾಬಿ, ನೇರಳೆ ಸಾಮಾನ್ಯವಾಗಿ ಬೇಗ ಮಾಸುವ ಬಣ್ಣಗಳು. ಯಾರಿಗಾದರೂ ಮಾರುವ ಮಟ್ಟಕ್ಕೆ ಬಂದ ಮೇಲೆ ಬಣ್ಣ ಮಾಸದಿರುವಿಕೆಯ ಗುರುತು ಇರುವ ಕಡ್ಡಿಗಳಿಗೆ ಹೋಗಬಹುದು.

ಕೊಳ್ಳುವವರಿಗೆ ನನ್ನ ಪಟ್ಟಿ ಇಷ್ಟು. ಅರ್ಧ ಕಡ್ಡಿಗಳ ಒಂದು ಪೆಟ್ಟಿಗೆ, ಕಡು ಬಣ್ಣದ ಬಿಡಿ ಕಡ್ಡಿ ನಾಲ್ಕೈದು, ಕಂದು ಮತ್ತು ಬೂದು ಮಿ-ತೇಂತ್ ಹಾಳೆ, ಮರಳು ಕಾಗದ ಅಥವಾ ಪೇಸ್ಟಲ್‌ಮ್ಯಾಟ್ ಒಂದೇ ಒಂದು. ಕಾಗದ ತರಿಸುವಾಗ ಸುರುಳಿ ಸುತ್ತಿ ಕಳಿಸುವವರ ಹತ್ತಿರ ಬೇಡ. ದಪ್ಪ ಹಾಳೆಯ ಸುರುಳಿ ಬಿಚ್ಚಿ ನೆಟ್ಟಗೆ ಮಾಡುವುದು ದೊಡ್ಡ ಕೆಲಸ. ರಟ್ಟಿನ ನಡುವೆ ಚಪ್ಪಟೆ ಪ್ಯಾಕ್ ಮಾಡಿ ಕಳಿಸುತ್ತಾರಾ ಅಂತ ಕೇಳಿ. ಒಂದೆರಡು ಹಾಳೆಗೆ ಕೊರಿಯರ್ ಖರ್ಚೇ ಜಾಸ್ತಿ ಬೀಳುತ್ತದೆ, ಆದ್ದರಿಂದ ಇನ್ನಿಬ್ಬರು ಜೊತೆಗಿದ್ದರೆ ಒಟ್ಟಿಗೆ ತರಿಸಿ ಹಂಚಿಕೊಳ್ಳಿ. ತರಿಸುವುದಾದರೆ ಮೇ ತಿಂಗಳ ಒಳಗೆ ತರಿಸಿಬಿಡಿ. ಮಳೆ ಹಿಡಿದ ಮೇಲೆ ಬಂದ ಕಟ್ಟು ದಾರಿಯಲ್ಲೇ ತೇವ ಎಳೆದಿರುತ್ತದೆ.